ಕೊಡಾಕ್ ಡಿ-76: ಸಿಯರ್ಸ್ ಕೌಂಟರಿನ ಕಾಲದಿಂದ ಇವತ್ತಿನವರೆಗೆ

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಬೇಕು ಅನ್ನುವವರು ಮೊದಲ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ಆಗಿ ಡಿ-76 ಅನ್ನು ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು. ಎಪ್ಪತ್ತರ ದಶಕದ ಕೊನೆಯಿಂದ ನಾನು ಬಳಸುತ್ತಿರುವುದು ಇದನ್ನೇ. ನಡುವೆ ಎಚ್‌ಸಿ-110, ಎಕ್ಸ್‌ಟಾಲ್ ಅನ್ನುವ ಬೇರೆ ಎರಡು ಡೆವಲಪರ್‌ಗಳನ್ನೂ ಬಳಸಿ ನೋಡಿದೆ. ಅವೂ ಒಳ್ಳೆಯವೇ. ಆದರೆ ನನಗೆ ಒಗ್ಗಿದ್ದು ಡಿ-76. ನೆರಳಿನಲ್ಲಿರುವ ಮುಖದಲ್ಲೂ ವಿವರ ಉಳಿಯುತ್ತದೆ. ಗ್ರೇನ್, ಅಂದರೆ ಚಿತ್ರದಲ್ಲಿನ ಸಣ್ಣ ಕಾಳುಕಾಳು, ಕಾಣುತ್ತದೆ, ಆದರೆ ಕಣ್ಣಿಗೆ ಚುಚ್ಚುವುದಿಲ್ಲ.

ಇದರ ಸೂತ್ರ 1927ರದ್ದು, ಗುಟ್ಟಿನದ್ದೇನಲ್ಲ. ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೊರಾಕ್ಸ್. ಬೆಂಗಳೂರಿನಲ್ಲಿದ್ದಾಗ ಈ ನಾಲ್ಕನ್ನೂ ಬಿಡಿಬಿಡಿಯಾಗಿ ತಂದು, ಸಣ್ಣ ತಕ್ಕಡಿಯಲ್ಲಿ ತೂಗಿ ನಾವೇ ಮಾಡಿಕೊಳ್ಳುತ್ತಿದ್ದೆವು. ಒಂದು ಸಲ ಮೆಟಾಲ್ ಸಿಗುತ್ತಿರಲಿಲ್ಲ, ಇನ್ನೊಂದು ಸಲ ಸಲ್ಫೈಟ್. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮ್ ಸಿಕ್ಕಿದರೆ ಅದೇ ಹಬ್ಬ. ಹೊರದೇಶದ ಸರಕು ಬೇಕಂದರೆ ಯಾರಾದರೂ ಪರಿಚಯದವರು ತಂದುಕೊಡಬೇಕಿತ್ತು.

ಹಾಗಿದ್ದವಳು ಮದುವೆಯಾಗಿ ಶಿಕಾಗೋ ಹತ್ತಿರದ ಶಾಂಬರ್ಗ್‌ಗೆ ಬಂದೆ. ಅಲ್ಲಿ 1971ರಲ್ಲಿ ಶುರುವಾದ ವುಡ್‌ಫೀಲ್ಡ್ ಮಾಲ್, ಅದರೊಳಗೆ ಎಲ್ಲ ಬಗೆಯ ಸಾಮಾನು ಮಾರುವ ದೊಡ್ಡ ಅಂಗಡಿ ಸಿಯರ್ಸ್. ಚಳಿಗಾಲದ ಕೋಟು, ಪಾತ್ರೆ, ಹಾಸಿಗೆ ಹೊದಿಕೆ, ಎಲ್ಲಕ್ಕೂ ಅಲ್ಲಿಗೇ ಹೋಗುತ್ತಿದ್ದೆವು. ಕ್ಯಾಮೆರಾ ವಿಭಾಗ ಬೇರೆ ಲೋಕ ಅನ್ನಿಸುತ್ತಿರಲಿಲ್ಲ, ಟೀವಿ ನೋಡಿಕೊಂಡು ಬರುವ ದಾರಿಯಲ್ಲೇ ಇತ್ತು. ಗಾಜಿನ ಕೌಂಟರಿನೊಳಗೆ ಸಿಯರ್ಸ್ ಹೆಸರಿನದೇ ಕ್ಯಾಮೆರಾಗಳು. ಅವುಗಳಲ್ಲಿ ಕೆಲವನ್ನು ಮಾಡಿಕೊಡುತ್ತಿದ್ದದ್ದು ಜಪಾನಿನ ರಿಕೋ ಕಂಪನಿ. ಕೌಂಟರಿನ ಹಿಂದಿನ ಕಪಾಟಿನಲ್ಲಿ ಟ್ರೈ-ಎಕ್ಸ್ ಫಿಲ್ಮ್ ರೋಲುಗಳು, ಫೋಟೋ ಪೇಪರ್ ಪ್ಯಾಕೆಟ್, ಟ್ರೇ, ಇಕ್ಕಳ, ಥರ್ಮಾಮೀಟರ್. ಕೆಳಗಿನ ಅರೆಯಲ್ಲಿ ಹಳದಿ ಪೊಟ್ಟಣಗಳ ಸಾಲು: ಡಿ-76, ಪೇಪರಿಗೆ ಬಳಸುವ ಡೆವಲಪರ್ ಡೆಕ್ಟಾಲ್, ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್. ನಾವು ತಿಂಗಳುಗಟ್ಟಲೆ ಅಲೆದು ಕೂಡಿಸುತ್ತಿದ್ದದ್ದು ಅಲ್ಲಿ ಒಂದೇ ಪೊಟ್ಟಣದಲ್ಲಿ, ಸಾಕ್ಸು ಬನಿಯನ್ನುಗಳ ಜೊತೆ ಒಂದೇ ಸೂರಿನಡಿ.

ಕೌಂಟರಿನಲ್ಲಿ ವಯಸ್ಸಾದವರೊಬ್ಬರು ಇರುತ್ತಿದ್ದರು. ಅವರ ಉಗುರಿನ ಅಂಚೆಲ್ಲ ಕಂದು ಬಣ್ಣ. ಅದು ಡೆವಲಪರ್ ಕಲೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಪೊಟ್ಟಣ ಕೊಡುವ ಮುಂಚೆ ಅದನ್ನು ತಿರುಗಿಸಿ, ಹಿಂದಿನ ಸೂಚನೆಯ ಮೇಲೆ ಬೆರಳಿಟ್ಟು, ನೀರು ಎಷ್ಟು ಬಿಸಿ ಇರಬೇಕು ಅಂತ ಎಲ್ಲರಿಗೂ ಹೇಳುತ್ತಿದ್ದರು. ಮೊದಲ ಸಲ ಕೊಳ್ಳುವ ಹುಡುಗರಿಗೆ ಗ್ಯಾಲನ್ ಪೊಟ್ಟಣ ಕೊಡುತ್ತಲೇ ಇರಲಿಲ್ಲ. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಫಿಕ್ಸರ್ ಮೂರೂ ಸ್ವಲ್ಪಸ್ವಲ್ಪ ಇರುತ್ತಿದ್ದ ಕೊಡಾಕ್‌ನ ಟ್ರೈ-ಕೆಮ್ ಪ್ಯಾಕ್ ಮುಂದಿಡುತ್ತಿದ್ದರು. ಮಾರುವವರಿಗೆ ಲಾಭ ಕಡಿಮೆ, ಆದರೆ ಹುಡುಗರ ದುಡ್ಡು ಉಳಿಯುತ್ತಿತ್ತು.

ಈಗ ಉಪಯೋಗದ ಮಾತು. ಗ್ಯಾಲನ್ ಪೊಟ್ಟಣ ಅಂದರೆ 3.8 ಲೀಟರ್. ನೀರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. 3.2 ಲೀಟರ್ ನೀರಿಗೆ ಪುಡಿಯನ್ನು ನಿಧಾನವಾಗಿ ಸುರಿಯುತ್ತಾ ಕದಡಿ. ಪುಡಿಯ ಧೂಳು ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮೊದಲು ಮಬ್ಬಾಗಿರುತ್ತದೆ, ಕದಡುತ್ತಾ ಹೋದ ಹಾಗೆ ತಿಳಿಯಾಗುತ್ತದೆ. ಪೂರ್ತಿ ಕರಗಿದ ಮೇಲೆ ಉಳಿದ ನೀರು ಸೇರಿಸಿ, ತಣ್ಣಗಾಗಲು ಬಿಡಿ. ಅವಸರ ಬೇಡ. ಬಾಟಲಿ ಕಂಠಮಟ್ಟ ತುಂಬಿದ್ದರೆ ಆರು ತಿಂಗಳು ಇಡಬಹುದು, ಅರ್ಧ ಖಾಲಿ ಇದ್ದರೆ ಎರಡೇ ತಿಂಗಳು. ಅದಕ್ಕೇ ನಾನು ಸಣ್ಣ ಸಣ್ಣ ಗಾಜಿನ ಬಾಟಲಿಗಳಿಗೆ ಹಂಚಿಡುತ್ತೇನೆ. ಬಳಸುವಾಗ ಅಷ್ಟೇ ನೀರು ಬೆರೆಸಿ, ಒಂದು ಸಲ ಬಳಸಿ ಚೆಲ್ಲಿಬಿಡುತ್ತೇನೆ. ಟ್ರೈ-ಎಕ್ಸ್ 400ಕ್ಕೆ 20 ಡಿಗ್ರಿಯಲ್ಲಿ ಒಂಬತ್ತೂ ಮುಕ್ಕಾಲು ನಿಮಿಷ. ಹೀಗೆ ಮಾಡಿದರೆ ಪ್ರತಿ ರೋಲೂ ಒಂದೇ ಥರ ಬರುತ್ತದೆ.

ಕುಂದುಗಳೂ ಇವೆ. ತಿಂಗಳಿಗೆ ಒಂದೆರಡು ರೋಲ್ ತೊಳೆಯುವವರಿಗೆ ಒಂದು ಗ್ಯಾಲನ್ ಜಾಸ್ತಿಯೇ. ಬಿಸಿನೀರಿನ ಗೋಜು ಬೇರೆ. ಎಕ್ಸ್‌ಟಾಲ್ ಮಾಮೂಲಿ ನೀರಿನಲ್ಲೇ ಕರಗುತ್ತದೆ, ಅದೊಂದು ಅನುಕೂಲ ಒಪ್ಪಲೇಬೇಕು.

ನನ್ನ ಬೇಸರ ಡಿ-76 ಬಗ್ಗೆ ಅಲ್ಲ, ಅದು ನಮ್ಮ ಕೈಗೆ ಬರುವ ದಾರಿಯ ಬಗ್ಗೆ. ಸಿಯರ್ಸ್ ಅಂಚೆಯಲ್ಲಿ ಸರಕು ತರಿಸಿಕೊಳ್ಳುವ ತನ್ನ ದೊಡ್ಡ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಕೊಡಾಕ್ ಕಪ್ಪು-ಬಿಳುಪು ಫೋಟೋ ಪೇಪರ್ ಮಾಡುವುದನ್ನು 2005ರಲ್ಲಿ ಬಿಟ್ಟಿತು. ವುಡ್‌ಫೀಲ್ಡ್‌ನ ಸಿಯರ್ಸ್ 2021ರಲ್ಲಿ ಬಾಗಿಲು ಹಾಕಿತು. ಕ್ಯಾಮೆರಾ ಕೌಂಟರ್ ಅದಕ್ಕಿಂತ ಎಷ್ಟೋ ಮುಂಚೆಯೇ ಹೋಗಿತ್ತು. ಈಗ ಆನ್‌ಲೈನಿನಲ್ಲಿ ತರಿಸಬೇಕು. ಒಂದು ಕಡೆಯಿಂದ ಬಂದ ಪೊಟ್ಟಣದಲ್ಲಿ ಪುಡಿ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ದುಡ್ಡು ವಾಪಸ್ ಬಂತು, ಆದರೆ ಆ ವಾರದ ಕೆಲಸ ಕೆಟ್ಟಿತು. ಪುಡಿ ಬೆಳ್ಳಗೆ, ಸಡಿಲವಾಗಿ ಇಲ್ಲದಿದ್ದರೆ ಫಿಲ್ಮಿಗೆ ಮುಟ್ಟಿಸಲೇಬೇಡಿ.

ಆನ್‌ಲೈನಿನಲ್ಲಿ ಸರಕೇನೋ ಸಿಗುತ್ತದೆ. ಆದರೆ ಹುಡುಕುವವರಿಗೆ ಮಾತ್ರ. ‘ಡೆವಲಪರ್’ ಅಂತ ಬರೆದು ಹುಡುಕಬೇಕಾದರೆ ಅಂಥದ್ದೊಂದಿದೆ ಅಂತ ಮೊದಲೇ ಗೊತ್ತಿರಬೇಕಲ್ವಾ? ಸಿಯರ್ಸ್‌ನಲ್ಲಿ ಶೂ ಕೊಳ್ಳಲು ಬಂದ ನನ್ನ ಮಗಳು ಸುಮ್ನೆ ಗಾಜಿಗೆ ಮೂಗು ಒತ್ತಿ ನಿಂತು, ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಬೇಕಾದ ದೀಪ ನೋಡಿ, ಕೆಂಪು ದೀಪ ಯಾಕಮ್ಮ ಅಂತ ಕೇಳಿದಳು. ಅವಳು ಡಾರ್ಕ್‌ರೂಮಿಗೆ ಬಂದಿದ್ದು ಹಾಗೆ. ಅವಳ ಮಕ್ಕಳು ಓಡಾಡುವ ಯಾವ ಅಂಗಡಿಯಲ್ಲೂ ಇದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಾನೇ ಅವರನ್ನು ಶಿಕಾಗೋದ ವಾಬಾಶ್ ಬೀದಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿರುವ, 1899ರಲ್ಲಿ ಶುರುವಾದ ಸೆಂಟ್ರಲ್ ಕ್ಯಾಮೆರಾ ಅಂಗಡಿ 2020ರ ಗಲಭೆಯಲ್ಲಿ ಸುಟ್ಟುಹೋದರೂ ಮತ್ತೆ ತೆರೆದಿದೆ. ಹತ್ತಿರ ಇರುವವರು ಎರಡು ಡಾಲರ್ ಜಾಸ್ತಿ ಆದರೂ ಅಂಥ ಕಡೆ ಕೊಳ್ಳಿ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ.

ನಮ್ಮ ಊರಿನ ಕಡೆ ಇರುವವರಿಗೆ: ಡಿ-76 ಸಿಗದಿದ್ದರೆ ಇಲ್ಫರ್ಡ್‌ನ ಐಡಿ-11 ತಗೊಳ್ಳಿ. ಹೆಚ್ಚುಕಮ್ಮಿ ಅದೇ ಸೂತ್ರ. 1 ಲೀಟರಿನ ಪೊಟ್ಟಣವೂ ಬರುತ್ತದೆ, ಕಡಿಮೆ ರೋಲ್ ತೊಳೆಯುವವರಿಗೆ ಅದೇ ವಾಸಿ.