ಕೋಲಾರದಲ್ಲಿ ಡಿಜಿಟಲ್ ಉದ್ಯಮಶೀಲತೆ ಓದಿದವಳ ವಿಮರ್ಶೆ: ಪ್ಯಾಕಿಂಗ್ ಮೇಜಿಗೆ ಪೂರ್ಣ ಅಂಕ, ಉಳಿದದ್ದಕ್ಕೆ ಅರ್ಧ

ಸೀಟು, ಸೆಮಿಸ್ಟರ್, ಪ್ರವೇಶದ ವಿಧಾನ ಎಲ್ಲವೂ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿವೆ. ಅದನ್ನೇ ಇಲ್ಲಿ ನಕಲು ಮಾಡುವುದಿಲ್ಲ. ಎಂಬಿಎಯಲ್ಲಿ ಡಿಜಿಟಲ್ ಉದ್ಯಮಶೀಲತೆಯನ್ನು ವಿಶೇಷ ವಿಷಯವಾಗಿ ಓದಿ ಮುಗಿಸಿ ವರ್ಷ ಕಳೆದಿದೆ. ಅಲ್ಲಿ ಕಲಿತದ್ದರಲ್ಲಿ ಯಾವುದು ದಿನವೂ ಕೆಲಸಕ್ಕೆ ಬರುತ್ತಿದೆ, ಯಾವುದು ಅಟ್ಟ ಸೇರಿದೆ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ. ಮೊದಲ ವರ್ಷವೆಲ್ಲ ಹೂಡಿಕೆದಾರರ ಮುಂದೆ ಮಾತನಾಡುವುದನ್ನೇ ಕಲಿಸಿದರು. ಕೆಲವು ಸ್ಲೈಡು, ಕೆಲವು ನಿಮಿಷ, ಕೊನೆಗೆ ನಮಗೆ ಇಷ್ಟು ಕೋಟಿ ಬೇಕು ಎಂಬ ಬೇಡಿಕೆ. ತರಗತಿಯಲ್ಲಿ ಕೂತಿದ್ದವರು ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವವರು. ಕೋಟಿ ಕೊಡುವವರು ಯಾರೂ ಆ ಬಸ್ಸು ಹತ್ತಿದ್ದನ್ನು ನಾನು ಕಾಣೆ. ಉದಾಹರಣೆಗಳೋ, ಟ್ಯಾಕ್ಸಿ ಆಪ್ ಮತ್ತು ಗ್ಯಾರೇಜಿನಲ್ಲಿ ಶುರುವಾದ ಅಮೆರಿಕದ ಕಂಪನಿಗಳು. 15 ಕೆ.ಜಿ. ಟೊಮೆಟೊ ಬಾಕ್ಸು 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿದ ಎಪಿಎಂಸಿ ಇದೇ ಊರಿನಲ್ಲಿದೆ. ಆ ಬೆಲೆ ಏಕೆ ಏರಿತು, ಬೆಳಗಿನ ಹರಾಜಿನ ದರ ಮೊಬೈಲಿನಿಂದ ಮೊಬೈಲಿಗೆ ಹೇಗೆ ಓಡುತ್ತದೆ, ಅದರಲ್ಲಿ ಒಂದು ಕಸುಬು ಇದೆಯೇ ಎಂಬ ಬಗ್ಗೆ ಒಂದೇ ಒಂದು ಪಾಠವಿರಲಿಲ್ಲ. ಹಾಲಿನ ಬಟವಾಡೆಯಲ್ಲಿ ಉಳಿಸಿ ಕಟ್ಟಿದ ಶುಲ್ಕ ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಎರಡನೆಯ ವರ್ಷ ಪ್ರಾಯೋಗಿಕ ತರಗತಿಗೆಂದು ಹಿಂದಿನ ಕೋಣೆಗೆ ಕಳುಹಿಸಿದರು. ಅಲ್ಲಿ ಒಂದು ಉದ್ದನೆಯ ಮೇಜು, ತೂಕದ ಯಂತ್ರ, ಲೇಬಲ್ ಮುದ್ರಿಸುವ ಪುಟ್ಟ ಪ್ರಿಂಟರ್, ರಟ್ಟಿನ ಪೆಟ್ಟಿಗೆಗಳ ರಾಶಿ. ಪ್ರತಿಯೊಬ್ಬರೂ ಮನೆಯಿಂದಲೋ ಊರಿನಿಂದಲೋ ಒಂದು ಸರಕು ತಂದು ಆನ್‌ಲೈನಿನಲ್ಲಿ ನಿಜವಾಗಿ ಮಾರಬೇಕು. ನಾನು ಚಿಕ್ಕಮ್ಮನ ಸ್ವಸಹಾಯ ಸಂಘದ ಅಕ್ಕಿ ಸಂಡಿಗೆ ತಂದೆ.

ಆ ಮೇಜನ್ನು ನೋಡಿಕೊಳ್ಳುತ್ತಿದ್ದವರು ಹಿಂದೆ ಕೊರಿಯರ್ ಕಚೇರಿಯಲ್ಲಿದ್ದ ಒಬ್ಬ ಅಟೆಂಡರ್. ಸಂಜೆ ನಾಲ್ಕರ ಹೊತ್ತಿಗೆ ಅಂದಿನ ಆರ್ಡರುಗಳನ್ನು ಸಾಲಾಗಿ ಜೋಡಿಸುತ್ತಿದ್ದೆವು. ಪೆಟ್ಟಿಗೆಯ ತಳಕ್ಕೆ ಎರಡು ಸಲ ಟೇಪು, ಮೂಲೆಗಳಿಗೆ ಅಡ್ಡಡ್ಡ ಇನ್ನೊಂದು. ಹಳೆಯ ದಿನಪತ್ರಿಕೆಯನ್ನು ಮುದುಡಿ ಸಂದಿಗೆ ತುರುಕಿ ಮುಚ್ಚಿದ ಮೇಲೆ ಅವರು ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸುವರು. ಒಳಗೆ ಸದ್ದಾದರೆ ಮತ್ತೆ ಬಿಚ್ಚಬೇಕು, ವಾದವಿಲ್ಲ. ಲೇಬಲ್ಲನ್ನು ಅಂಗೈಯಿಂದ ಸವರಿ ಅಂಟಿಸಿ, ಪಿನ್‌ಕೋಡನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪಟ್ಟಿಯಲ್ಲಿ ಟಿಕ್ ಹಾಕುವುದು. ಆ ಒಂದು ಗಂಟೆಗಾಗಿಯೇ ಕಾಲೇಜಿಗೆ ಹೋಗುತ್ತಿದ್ದೆ ಎಂದರೂ ಸುಳ್ಳಲ್ಲ.

ಸಂಡಿಗೆಯ ಗುಟ್ಟು ತಿಳಿದದ್ದೂ ಅಲ್ಲೇ. ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. 30, 25, 20ರ ಪೆಟ್ಟಿಗೆಯಲ್ಲಿ ಅರ್ಧ ಕೆ.ಜಿ. ಸಂಡಿಗೆ ಇಟ್ಟರೂ ಅದು ಮೂರು ಕೆ.ಜಿ. ಎಂದೇ ಲೆಕ್ಕ. “ಗಾಳಿಗೂ ಬಾಡಿಗೆಯೇನೇ?” ಎಂದು ಚಿಕ್ಕಮ್ಮ ರೇಗಿದರು. 20, 20, 12ರ ಪೆಟ್ಟಿಗೆಗೆ ಇಳಿದೆವು, ಒಂದು ಕೆ.ಜಿ.ಯೊಳಗೆ ಬಂತು. ಸಂಡಿಗೆಯನ್ನೂ ಚಪ್ಪಟೆಯಾಗಿ, ಚಿಕ್ಕದಾಗಿ ಇಡುವಂತೆ ಸಂಘದವರಿಗೆ ಹೇಳಬೇಕಾಯಿತು. ಅದಕ್ಕೆ ಅವರ ಗೊಣಗಾಟ ಇನ್ನೂ ನಿಂತಿಲ್ಲ.

ಇನ್ನೊಂದು ಕಲಿಕೆ, ಹಣ ಮನೆಬಾಗಿಲಲ್ಲಿ ಕೊಡುವ ಆರ್ಡರುಗಳದ್ದು. ಪಡೆಯದೆ ವಾಪಸು ಬಂದರೆ ಹೋಗುವ ಖರ್ಚೂ ನಮ್ಮದು, ಬರುವ ಖರ್ಚೂ ನಮ್ಮದು, ಒಳಗೆ ಪುಡಿಯಾದ ಸಂಡಿಗೆಯೂ ನಮ್ಮದೇ. ಕಳುಹಿಸುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು. ಕೋಲಾರದ ಕಡೆಯವರಿಗೆ ತೆಲುಗೂ ಬರುವುದರಿಂದ ಆಂಧ್ರದ ಮದನಪಲ್ಲಿ, ಚಿತ್ತೂರಿನ ಗಿರಾಕಿಗಳೂ ಸಿಕ್ಕರು.

ಆದರೂ ತರಗತಿಯ ಟಿಪ್ಪಣಿಗಳನ್ನು ಕುರುಡಾಗಿ ನಂಬಬೇಡಿ. ಆನ್‌ಲೈನಿನಲ್ಲಿ ಸರಕು ಮಾರುವವರೆಲ್ಲ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು ಎಂದು ನಮಗೆ ಕೊಟ್ಟ ಪ್ರತಿಯಲ್ಲಿತ್ತು. 2023ರ ಅಕ್ಟೋಬರ್ 1ರಿಂದಲೇ, ವರ್ಷದ ವಹಿವಾಟು ಮಿತಿಯೊಳಗಿದ್ದು ರಾಜ್ಯದೊಳಗೆ ಮಾತ್ರ ಆನ್‌ಲೈನ್ ಮಾರಾಟದ ವೇದಿಕೆಗಳ ಮೂಲಕ ಮಾರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿದೆ; ಕರ್ನಾಟಕದಲ್ಲಿ ಸರಕಿಗೆ ಆ ಮಿತಿ 40 ಲಕ್ಷ ರೂಪಾಯಿ. ಆಂಧ್ರಕ್ಕೆ ಕಳುಹಿಸುತ್ತಿದ್ದ ನನಗೆ ಆ ವಿನಾಯಿತಿ ಒದಗಲಿಲ್ಲ. ಮನೆಯಲ್ಲೇ ಮಾಡಿ ಇಲ್ಲೇ ಮಾರುವ ಗೆಳತಿಯೊಬ್ಬಳು ಮಾತ್ರ ಆ ಸಾಲನ್ನು ಓದಿ ಹೆದರಿ ಕೈಬಿಟ್ಟಳು.

ಕೆಲಸ ಹುಡುಕುವವರಿಗೆ ಈ ಓದು ಬೇಡ. ಬಂದ ಕಂಪನಿಗಳು ಹೆಚ್ಚಾಗಿ ಮಾರಾಟದ ಗುರಿ ಕೊಟ್ಟು ಓಡಾಡಿಸುವಂಥವು. ಮನೆಯಲ್ಲಿ ಮಾರಲು ಏನಾದರೂ ಇದ್ದರೆ, ಮೊದಲ ವರ್ಷದ ಸ್ಲೈಡುಗಳನ್ನು ಸಹಿಸಿಕೊಳ್ಳುವ ತಾಳ್ಮೆಯೂ ಇದ್ದರೆ ಸೇರಿ. ಶುಲ್ಕ ಕಟ್ಟುವ ಮೊದಲು ಹಿಂದಿನ ಕೋಣೆಯನ್ನು ತೋರಿಸಿ ಎಂದು ಕೇಳಿ, ಮೇಜಿನ ಮೇಲೆ ಧೂಳಿದೆಯೇ ನೋಡಿ. ಲೇಬಲ್ ರೋಲನ್ನು ಮಾತ್ರ ನೀವೇ ಕೊಂಡೊಯ್ಯಿರಿ, ಅಲ್ಲಿಯದು ತಿಂಗಳ ಮಧ್ಯದಲ್ಲೇ ಮುಗಿದಿರುತ್ತದೆ.