ಒಣ ಚರ್ಮಕ್ಕೆ "ಗಿಡಮೂಲಿಕೆ" ಕ್ರೀಮ್ ತರಿಸೋ ಮುಂಚೆ ಇದನ್ನ ಓದಿ

ಡಬ್ಬಿ ಮೇಲೆ ಎಲೆಯ ಚಿತ್ರ, "ನೂರಕ್ಕೆ ನೂರು ಗಿಡಮೂಲಿಕೆ" ಅನ್ನೋ ಸಾಲು. ಅಷ್ಟೇ. ಒಳಗೇನಿದೆ ಅನ್ನೋ ಪಟ್ಟಿ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಯಾವಾಗ ತಯಾರಾಗಿದ್ದು, ಯಾವಾಗಿನವರೆಗೆ ಬಳಸಬಹುದು, ಏನೂ ಇಲ್ಲ. ವಾಟ್ಸಾಪ್‌ನಲ್ಲಿ "ಮೊದಲು–ಆಮೇಲೆ" ಫೋಟೋ ಕಳಿಸಿ ಮಾರೋರ ಮಾಲು. ಮೊಣಕಾಲಿನ ಕೆಳಗೆ ಹೊಟ್ಟು ಏಳೋದಕ್ಕೆ, ರಾತ್ರಿ ನವೆಗೆ ಅಂತ ನಾನು ತರಿಸಿದ್ದು. ಹಚ್ಚಿದ ಕೆಲವೇ ದಿನಕ್ಕೆ ನವೆ ಹೋಯ್ತು, ಕೆಂಪು ಹೋಯ್ತು, ಚರ್ಮ ನುಣ್ಣಗಾಯ್ತು.

ಮೋಸ ಇರೋದೇ ಇಲ್ಲಿ. ಒಳ್ಳೆ ಮಾಯಿಶ್ಚರೈಸರ್ ಹಚ್ಚಿದ ತಕ್ಷಣ ಚರ್ಮ ಮೆತ್ತಗಾಗುತ್ತೆ, ನಿಜ. ಆದರೆ ಕೆರೆದು ಕೆಂಪಾದ ಜಾಗ, ಬಿರುಕು ಇವೆಲ್ಲ ತಣ್ಣಗಾಗೋಕೆ ವಾರಗಳು ಬೇಕು. ಚರ್ಮದ ಮೇಲ್ಪದರ ಹೊಸದಾಗೋಕೇ ಸುಮಾರು 4 ವಾರ ಹಿಡಿಯುತ್ತೆ. ಎರಡು ಮೂರು ದಿನದಲ್ಲಿ ಕೆಂಪನ್ನೂ ನವೆಯನ್ನೂ ಒಟ್ಟಿಗೆ ಅಳಿಸಿ ಹಾಕೋದು ಸ್ಟೀರಾಯ್ಡ್ ಅನ್ನೋ ಔಷಧಿಯ ಕೆಲಸ, ಎಲೆ ರಸದ್ದಲ್ಲ.

ನಿಲ್ಲಿಸಿದ ಮೇಲೆ ಗೊತ್ತಾಯ್ತು. ಮೊದಲಿಗಿಂತ ಜಾಸ್ತಿ ಕೆಂಪು, ಉರಿ, ನೀರು ಬಿದ್ದರೂ ಚುರುಚುರು. ಮಾರಿದವರನ್ನ ಕೇಳಿದ್ದಕ್ಕೆ ಬಂದ ಉತ್ತರ: "ಒಳಗಿನ ವಿಷ ಹೊರಗೆ ಬರ್ತಿದೆ ಮೇಡಂ, ಒಳ್ಳೇದೇ." ವಿಷ ಅಂತೆ! ಚರ್ಮದಿಂದ ಹಾಗೆ ಯಾವ ವಿಷವೂ ಹೊರಗೆ ಬರಲ್ಲ, ದೇಹದ ಕಸ ತೆಗೆಯೋದು ಲಿವರ್, ಕಿಡ್ನಿ. ಆಮೇಲೆ, "ನೋಡಿ, ನಮ್ಮ ಕ್ರೀಮ್ ಬಿಟ್ಟಿದ್ದಕ್ಕೇ ಹೀಗಾಗಿದ್ದು, ಇನ್ನೊಂದು ಡಬ್ಬಿ ತಗೊಳ್ಳಿ." ಈ ಮಾತು ಓದಿದಾಗ ಮೈ ಉರಿದುಹೋಯ್ತು. ಬಿಟ್ಟರೆ ಹೆಚ್ಚಾಗುತ್ತೆ ಅನ್ನೋದನ್ನೇ ಗುಣಮಟ್ಟದ ಸಾಕ್ಷಿ ಅಂತ ಮಾರ್ತಾ ಇದ್ದಾರೆ!

ಚರ್ಮದ ಡಾಕ್ಟರು ಡಬ್ಬಿ ನೋಡಿ ನಕ್ಕುಬಿಟ್ಟರು, ಇಂಥದ್ದು ದಿನಾ ಬರುತ್ತಂತೆ. ಚರ್ಮ ತೆಳುವಾಗಿ ಒಳಗಿನ ಸಣ್ಣ ರಕ್ತನಾಳ ಕಾಣೋದನ್ನ ತೋರಿಸಿ, ಇದು ಜೋರಾದ ಸ್ಟೀರಾಯ್ಡ್‌ನ ಲಕ್ಷಣ ಅಂದರು. ಕ್ಲೋಬೆಟಾಸೋಲ್, ಬೀಟಾಮೆಥಸೋನ್ ಥರದ ಔಷಧಿಗಳು ಸರಿಯಾದ ಕಾಯಿಲೆಗೆ, ಸರಿಯಾದ ಅಳತೆಯಲ್ಲಿ ಒಳ್ಳೆಯವೇ. ಹೆಸರು ಮುಚ್ಚಿಟ್ಟು ತಿಂಗಳುಗಟ್ಟಲೆ ಹಚ್ಚಿಸಿದರೆ ಚರ್ಮ ತೆಳುವಾಗುತ್ತೆ, ಸ್ಟ್ರೆಚ್ ಮಾರ್ಕಿನಂಥ ಗೆರೆ ಬೀಳುತ್ತೆ, ಮುಖದಲ್ಲಾದರೆ ಮೊಡವೆ. ಒಣ ಚರ್ಮ ಅಂದುಕೊಂಡಿದ್ದು ಹುಳುಕಡ್ಡಿ ಆಗಿದ್ದರೆ ಇನ್ನೂ ಕೆಟ್ಟದ್ದು: ಮೇಲೆ ಕೆಂಪು ಕಮ್ಮಿ ಕಾಣುತ್ತೆ, ಕೆಳಗೆ ಹರಡ್ತಾ ಹೋಗುತ್ತೆ. ಮಕ್ಕಳ ಚರ್ಮ ಇದನ್ನ ಇನ್ನೂ ಹೆಚ್ಚು ಹೀರುತ್ತೆ.

ಒಳಗೇನಿದೆ ಹೇಳಿ ಅಂದರೆ "ಅದು ನಮ್ಮ ಮನೆತನದ ಗುಟ್ಟು." ದುಡ್ಡು ವಾಪಸ್ ಕೊಡಿ ಅಂದರೆ "ಡಬ್ಬಿ ತೆರೆದಿದ್ದೀರಲ್ಲ ಮೇಡಂ." ತೆರೆಯದೆ ಹಚ್ಚೋದು ಹೇಗೋ! ಆಮೇಲೆ ಬ್ಲಾಕ್.

ಒಣ ಚರ್ಮಕ್ಕೆ ಗುಟ್ಟು ಬೇಕಾಗೇ ಇಲ್ಲ, ಸಿಟ್ಟು ಬರೋದು ಅದಕ್ಕೇ. ಮೇಲ್ಪದರದ ಜೀವಕೋಶಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲ ಅನ್ನೋ ಕೊಬ್ಬಿನಂಶಗಳು ಇರುತ್ತವೆ. ಅವು ಕಮ್ಮಿಯಾದರೆ ನೀರು ಆರಿಹೋಗುತ್ತೆ, ಚರ್ಮ ಬಿರಿಯುತ್ತೆ. ಸುಡುನೀರು, ಉಜ್ಜೋದು, ಸೋಪು, ಮೂರೂ ಆ ಕೊಬ್ಬನ್ನ ತೊಳೆದುಹಾಕುತ್ತವೆ. ಚರ್ಮದ ಪಿಎಚ್ (ಆಮ್ಲ–ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದ್ದು 9ರಿಂದ 10, ಅಂದರೆ ಕ್ಷಾರ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ 5ರಿಂದ 10 ನಿಮಿಷ, ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಟವೆಲ್‌ನಿಂದ ಒತ್ತಿಕೊಳ್ಳಿ, ತಿಕ್ಕಬೇಡಿ. ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ, ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿ. ಪೂರ್ತಿ ಆರಿದ ಮೇಲೆ ಹಚ್ಚಿದರೆ ಹಿಡಿದಿಡೋಕೆ ನೀರೇ ಉಳಿದಿರಲ್ಲ, ಆಮೇಲೆ ಕ್ರೀಮ್ ಸರಿಯಿಲ್ಲ ಅಂತ ಬೈಯೋದು.

ಅಳತೆಯಲ್ಲಿ ಎಲ್ಲರೂ ಜಿಪುಣರು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬ್‌ನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ 20 ಗ್ರಾಂ ಹತ್ತಿರ ಬೇಕು.

ಮಾಯಿಶ್ಚರೈಸರ್ ಡಬ್ಬಿಯ ಪಟ್ಟಿಯಲ್ಲಿ ಗ್ಲಿಸರಿನ್, ಯೂರಿಯಾ ಇದ್ದರೆ ನೀರು ಹಿಡಿಯುತ್ತವೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್ ಇದ್ದರೆ ನೀರು ಹೋಗದಂತೆ ಮುಚ್ಚುತ್ತವೆ. ಎರಡೂ ಬೇಕು. ಯೂರಿಯಾ ಮೈಗೆ 5ರಿಂದ 10 ಪರ್ಸೆಂಟ್ ಸಾಕು. 20 ದಾಟಿದರೆ ಗಟ್ಟಿ ಚರ್ಮ ಕರಗಿಸೋಕೆ ಶುರು, ಅದು ಒಡೆದ ಹಿಮ್ಮಡಿಗೆ ಸರಿ, ಹಸಿ ಬಿರುಕಿಗೆ ಹಚ್ಚಿದರೆ ಕಣ್ಣಲ್ಲಿ ನೀರು ಬರುತ್ತೆ. ಸುಗಂಧ ಇಲ್ಲದ್ದೇ ತಗೊಳ್ಳಿ. ಇನ್ನು "ಪ್ರಿಸರ್ವೇಟಿವ್ ಇಲ್ಲ" ಅಂತ ಹೆಮ್ಮೆಯಿಂದ ಬರೆದ, ನೀರು ಬೆರೆತ ಮನೆ ಕ್ರೀಮಿನ ಡಬ್ಬಿಗೆ ದಿನಾ ಬೆರಳು ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯೋದು ಖಂಡಿತ.

ಸರಿಯಾಗಿ ಹಚ್ಚಿದರೂ ನವೆ ಬಿಡದಿದ್ದರೆ ಥೈರಾಯ್ಡ್, ಸಕ್ಕರೆ, ಕಿಡ್ನಿ ಒಂದು ಸಲ ಪರೀಕ್ಷೆ ಮಾಡಿಸಿ.

ಇಂಥ ಡಬ್ಬಿಯನ್ನ ಈಗಾಗಲೇ ಬಹಳ ದಿನದಿಂದ ಹಚ್ತಾ ಇದ್ದರೆ ಸಿಟ್ಟಲ್ಲಿ ಬಿಸಾಡಬೇಡಿ. ಹೇಗೆ ಬಿಡಬೇಕು ಅಂತ ಚರ್ಮದ ಡಾಕ್ಟರೇ ಹೇಳಬೇಕು, ಡಬ್ಬಿ ಸಮೇತ ಹೋಗಿ. ಮಾರಿದವರ ಮೆಸೇಜುಗಳನ್ನೂ ಅಳಿಸಬೇಡಿ, ದೂರು ಕೊಡೋವಾಗ ಬೇಕಾಗುತ್ತವೆ.