ಹಳೆ ಡೀರ್ ಬ್ಲೈಂಡ್ ಕೊಳ್ಳುವ ಮುಂಚೆ ಅದರ ಮೊಳೆ ಕಿತ್ತು ನೋಡಿ

ಕಳೆದ ಅಕ್ಟೋಬರ್‌ನಲ್ಲಿ ನಾನು ಜಿಂಕೆ ಬೇಟೆಗೆ ಮರೆಯಾಗಿ ಕೂರುವ ನನ್ನದೇ ಡೀರ್ ಬ್ಲೈಂಡ್‌ನ ಬಾಗಿಲಿಂದ ಕೆಳಗೆ ಬಿದ್ದೆ. ಹತ್ತು ಅಡಿ ಎತ್ತರ ಅಷ್ಟೇ. ಕಾಲು ಮೊದಲು ನೆಲಕ್ಕೆ ತಾಗಿತು, ಬಲಗಾಲಿನ ಹಿಮ್ಮಡಿ ಮೂಳೆ ಒಡೆಯಿತು. ಅದೇ ಪೆಟ್ಟು ಮೇಲೆ ಹತ್ತಿ ಸೊಂಟದ ಹತ್ತಿರ ಬೆನ್ನುಮೂಳೆಯ ಒಂದು ಬಿಲ್ಲೆ ಅದುಮಿಕೊಂಡಿತು. ಈಗ ನಡೆಯುತ್ತೇನೆ, ಆದರೆ ಬೆಳಿಗ್ಗೆ ಎದ್ದ ಕೂಡಲೇ ಆ ಕಾಲು ಊರಲು ಆಗುವುದಿಲ್ಲ. ಟೆಕ್ಸಾಸ್ ಕಡೆ ಇರುವ ನಮ್ಮವರಲ್ಲಿ ಕೆಲವರು ಈಚೆಗೆ ಬೇಟೆ ಶುರು ಮಾಡಿದ್ದೀರಿ, ಜಾಗ ಲೀಸ್‌ಗೆ ತೆಗೆದುಕೊಳ್ಳುತ್ತಿದ್ದೀರಿ, ಹಳೆ ಬ್ಲೈಂಡ್ ಎಲ್ಲಿ ಸಿಗುತ್ತದೆ ಅಂತ ನನ್ನನ್ನೇ ಕೇಳಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಡೀರ್ ಬ್ಲೈಂಡ್ ಅಂದರೆ ನಮ್ಮ ಅಟ್ಟಣೆಯೇ, ಆದರೆ ಗೋಡೆ, ಮಾಡು, ಕಿಟಕಿ, ಬಾಗಿಲು ಎಲ್ಲಾ ಇರುವ ಅಟ್ಟಣೆ. ನಾಲ್ಕು ಕಂಬದ ಮೇಲೆ ಒಂದು ಪೆಟ್ಟಿಗೆ. ಸ್ವಲ್ಪ ದೂರದಲ್ಲಿ ಮೆಕ್ಕೆಜೋಳ ಚೆಲ್ಲುವ ಫೀಡರ್ ಇಟ್ಟಿರುತ್ತಾರೆ. ಖಾಸಗಿ ಜಾಗದಲ್ಲಿ ಇಲ್ಲಿ ಅದಕ್ಕೆ ಅನುಮತಿ ಇದೆ. ನವೆಂಬರ್‌ನ ಮೊದಲ ಶನಿವಾರ ಬಂದೂಕಿನ ಸೀಸನ್ ಶುರುವಾಗುತ್ತದೆ. ನಾನು ಕೊಡಗಿನವನು. ನಮ್ಮ ಕಡೆ ಈಗಲೂ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಇಟ್ಟು ಪೂಜೆ ಮಾಡುತ್ತೇವೆ, ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಇಲ್ಲ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದಷ್ಟೇ. ಇಲ್ಲಿಗೆ ಬಂದ ಮೇಲೆ ಕ್ಲಾಸಿಗೆ ಹೋಗಿ, ಲೈಸೆನ್ಸ್ ಮಾಡಿಸಿ, ಟೆಕ್ಸಾಸ್‌ನ ಲ್ಯಾನೊ ಕಡೆ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಜಾಗ ಲೀಸ್ ಹಿಡಿದೆ. ಕೋವಿ ಹಿಡಿಯುವ ವಿಷಯದಲ್ಲಿ ನಾನು ಎಂದೂ ಅಜಾಗ್ರತೆ ಮಾಡಿದವನಲ್ಲ. ಏಣಿಯ ವಿಷಯದಲ್ಲಿ ಮಾಡಿದೆ.

ಬ್ಲೈಂಡ್ ಕೊಂಡಿದ್ದು ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ. ಹೊಸದರ ಅರ್ಧ ಬೆಲೆಯೂ ಇರಲಿಲ್ಲ. ಹೊರಗೆ ಹೊಸ ಹಸಿರು ಬಣ್ಣ, ಒಳಗೆ ಕಾರ್ಪೆಟ್, ಎರಡು ಕುರ್ಚಿ. ನಾನು ಕಂಬ ಅಲ್ಲಾಡಿಸಿ ನೋಡಿದೆ, ನೆಲದ ಹಲಗೆ ತುಳಿದು ನೋಡಿದೆ, ಮರ ಗಟ್ಟಿಯಾಗಿತ್ತು. ಟ್ರೀಟೆಡ್ ಮರ, ಕೊಳೆಯುವುದಿಲ್ಲ ಅಂದರು. ಅದು ನಿಜವೇ. ಆ ಮರ ಇವತ್ತಿಗೂ ಕೊಳೆತಿಲ್ಲ. ಕೊಳೆತಿದ್ದು ಅದನ್ನು ಹಿಡಿದುಕೊಂಡಿದ್ದ ಕಬ್ಬಿಣ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಬಿದ್ದ ಮೇಲೆ ಗೊತ್ತಾಯಿತು. ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆ ಬಳಕೆಯ ಟ್ರೀಟೆಡ್ ಮರಕ್ಕೆ ಹೆಚ್ಚಾಗಿ ಸಿಸಿಎ ಅನ್ನುವ ಔಷಧಿ ಹಾಕುತ್ತಿದ್ದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ್ದು. ಆರ್ಸೆನಿಕ್ ವಿಷ ಅಲ್ವಾ, ಅದಕ್ಕೆ ಮನೆ ಬಳಕೆಗೆ ಅದನ್ನು ಬಿಟ್ಟರು. ಬದಲಿಗೆ ಬಂದ ಎಸಿಕ್ಯೂ ತರಹದ ಔಷಧಿಗಳಲ್ಲಿ ತಾಮ್ರ ಇನ್ನೂ ಜಾಸ್ತಿ. ಮರ ಒದ್ದೆಯಾದಾಗ ಆ ತಾಮ್ರ ಮೊಳೆಯ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ, ಮಿರಮಿರ ಹೊಳೆಯುವ ಮೊಳೆ ಮತ್ತು ಸ್ಕ್ರೂಗಳಿಗೆ ಸತುವಿನ ಲೇಪ ತುಂಬಾ ತೆಳು. ಅದು ಬೇಗ ಹೋಗುತ್ತದೆ. ಬೇಕಾದದ್ದು ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಮೊಳೆ, ಇಲ್ಲಾಂದ್ರೆ ಸ್ಟೇನ್‌ಲೆಸ್ ಸ್ಟೀಲ್. ಹಾಟ್ ಡಿಪ್ ಮೊಳೆ ಹೊಳೆಯುವುದಿಲ್ಲ. ಮಾಸಲು ಬೂದು ಬಣ್ಣ, ಮುಟ್ಟಿದರೆ ಒರಟು. ಒಮ್ಮೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೆ ಆಮೇಲೆ ದೂರದಿಂದಲೇ ಗೊತ್ತಾಗುತ್ತದೆ.

ಮೋಸ ಏನೆಂದರೆ, ಮೊಳೆಯ ತಲೆ ಹೊರಗಡೆ ಬಿಸಿಲಿಗೆ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಸವೆಯುವುದು ಮರದ ಒಳಗಿನ ಕುತ್ತಿಗೆ. ನನ್ನ ಬ್ಲೈಂಡ್‌ನಲ್ಲಿ ತಲೆಗಳ ಮೇಲೆ ಹಸಿರು ಬಣ್ಣ ಬೇರೆ ಬಳಿದಿದ್ದರು. ಬಿದ್ದ ಮೇಲೆ ಸ್ನೇಹಿತರು ಅದನ್ನು ಬಿಚ್ಚಿದಾಗ ಏಣಿಯ ಕೆಲವು ಮೊಳೆಗಳು ಪೆನ್ಸಿಲ್ ಸೀಸದಷ್ಟು ಸಣ್ಣಗಾಗಿದ್ದವು. ಬಾಗಿಲ ಪಕ್ಕದ ಹಿಡಿಕೆಯನ್ನು ಹಾಕಿದ್ದು ಕಪ್ಪು ಡ್ರೈವಾಲ್ ಸ್ಕ್ರೂನಲ್ಲಿ. ಆ ಸ್ಕ್ರೂ ಇರುವುದು ಮನೆಯೊಳಗೆ ಜಿಪ್ಸಮ್ ಹಲಗೆ ಹಿಡಿಯಲು. ಅದು ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಮನುಷ್ಯನ ಭಾರ ನಂಬಿ ಅದನ್ನು ಎಲ್ಲೂ ಹಾಕಬಾರದು.

ಬಿದ್ದದ್ದು ಹೀಗೆ. ಸೀಸನ್‌ಗೆ ಮುಂಚೆ ಒಳಗೆ ಗುಡಿಸಿ ಬರೋಣ ಅಂತ ಒಬ್ಬನೇ ಹೋದೆ. ಏಣಿ ಹತ್ತಿ, ಬ್ಯಾಗನ್ನು ಬಾಗಿಲ ಒಳಗೆ ತಳ್ಳಿ, ಎಡಗೈಯಲ್ಲಿ ಹಿಡಿಕೆ ಹಿಡಿದು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಕೆಂಪು ಕಣಜದ ಹುಳುಗಳು ಮುಖಕ್ಕೆ ಬಂದವು. ಬೇಸಿಗೆಯೆಲ್ಲಾ ಮುಚ್ಚಿಟ್ಟ ಬ್ಲೈಂಡ್‌ಗಳ ಮಾಡಿನಡಿ ಇವು ಗೂಡು ಕಟ್ಟುವುದು ಇಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ನಾನು ತಲೆ ಹಿಂದಕ್ಕೆ ತೆಗೆದೆ, ಭಾರವೆಲ್ಲಾ ಹಿಡಿಕೆಯ ಮೇಲೆ ಬಿತ್ತು. ಹಿಡಿಕೆ ಕೈಯಲ್ಲೇ ಬಂತು. ಅದೇ ಕ್ಷಣಕ್ಕೆ ಕಾಲಿನ ಕೆಳಗಿನ ಮೆಟ್ಟಿಲು ಒಂದು ಕಡೆ ಜಾರಿತು, ಯಾಕೆಂದರೆ ಆ ಮೆಟ್ಟಿಲ ಹಲಗೆ ಯಾವುದರ ಮೇಲೂ ಕೂತಿರಲಿಲ್ಲ. ಪಕ್ಕದ ಮರಕ್ಕೆ ಬರೀ ಎರಡೆರಡು ಮೊಳೆಯಲ್ಲಿ ನೇತಾಡುತ್ತಿತ್ತು.

ಏಣಿಯ ಮೆಟ್ಟಿಲನ್ನು ಎಂದೂ ಹಾಗೆ ಹಾಕಬಾರದು. ಪಕ್ಕದ ಮರದಲ್ಲಿ ಕಚ್ಚು ಕೊರೆದು ಹಲಗೆಯನ್ನು ಅದರೊಳಗೆ ಕೂರಿಸಬೇಕು. ಅಥವಾ ಪ್ರತಿ ಮೆಟ್ಟಿಲ ಕೆಳಗೆ ಒಂದು ತುಂಡು ಕೊಟ್ಟು ಅದರ ಮೇಲೆ ಇಡಬೇಕು. ಆಗ ಭಾರ ಹೊರುವುದು ಮರ, ಮೊಳೆ ಕೆಲಸ ಹಲಗೆ ಸರಿಯದಂತೆ ಹಿಡಿಯುವುದು ಮಾತ್ರ. ಕಂಬಕ್ಕೂ ಪೆಟ್ಟಿಗೆಯ ತಳಕ್ಕೂ ಹಾಗೆಯೇ. ತಳದ ತೊಲೆ ಕಂಬದ ಮೇಲೆಯೋ ಕಂಬದ ಕಚ್ಚಿನಲ್ಲೋ ಕೂತು, ಆರಪಾರ ಬೋಲ್ಟ್ ಹಾಕಿ ನಟ್ ಬಿಗಿದಿರಬೇಕು. ಬರೀ ಸ್ಕ್ರೂ ಕಂಡರೆ ಅಲ್ಲಿಂದ ವಾಪಸ್ ಬನ್ನಿ. ಮಾರುವವರನ್ನು ಕೇಳಿ, ಏಣಿಯಿಂದ ಒಂದು ಮೊಳೆ, ಕಂಬದ ಜೋಡಣೆಯಿಂದ ಒಂದು ಬೋಲ್ಟ್ ಬಿಚ್ಚಿಸಿ ನೋಡಿ. ಬೇಡ ಅಂದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಬಿದ್ದ ಮೇಲೆ ಸುಮಾರು ಎರಡು ಗಂಟೆ ಅಲ್ಲೇ ಇದ್ದೆ. ಫೋನ್ ಮೇಲೆ ಬ್ಯಾಗಿನಲ್ಲಿತ್ತು. ಹತ್ತು ಅಡಿ ಮೇಲೆ, ಬಾಗಿಲು ತೆರೆದೇ ಇತ್ತು, ಬ್ಯಾಗಿನ ಪಟ್ಟಿ ಹೊರಗೆ ನೇತಾಡುತ್ತಾ ಕಾಣುತ್ತಿತ್ತು. ಏಳಲು ಆಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಸಂಜೆ ಬರುತ್ತೇನೆ ಅಂದಿದ್ದೆನೇ ಹೊರತು ಯಾವ ಗೇಟು, ಯಾವ ಬ್ಲೈಂಡ್ ಅಂತ ಹೇಳಿರಲಿಲ್ಲ. ಪಕ್ಕದ ಜಾಗದವರು ದನ ನೋಡಲು ಗಾಡಿಯಲ್ಲಿ ಬಂದರು, ಕೂಗಿದ್ದು ಕೇಳಿಸಿತು, ಬದುಕಿದೆ. ಆ ದಿನ ಅವರು ಬರದಿದ್ದರೆ ಏನು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ದಯವಿಟ್ಟು ಫೋನನ್ನು ಎದೆಯ ಜೇಬಿನಲ್ಲಿ, ಗುಂಡಿ ಹಾಕಿ ಇಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ಕಡೆಯೂ ಐಫೋನ್ 14 ಮತ್ತು ಅದರ ನಂತರದ ಐಫೋನ್‌ಗಳು ಆಕಾಶ ಕಾಣುತ್ತಿದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುತ್ತವೆ. ಆದರೆ ಫೋನ್ ನಿಮ್ಮ ಮೈಮೇಲೆ ಇದ್ದರೆ ಮಾತ್ರ. ಹೋಗುವ ಮುಂಚೆ ಜಾಗದ ಲೊಕೇಶನ್ ಮನೆಗೆ ಕಳಿಸಿ, ಎಷ್ಟು ಗಂಟೆ ದಾಟಿದರೆ ಯಾರಿಗೆ ಕರೆ ಮಾಡಬೇಕು ಅಂತ ಹೇಳಿ.

ಇನ್ನೊಂದು ವಿಷಯ ಹೇಳಲೇಬೇಕು. ಆ ಬ್ಲೈಂಡ್ ನನಗೆ ಮೊದಲೇ ಒಂದು ಸೂಚನೆ ಕೊಟ್ಟಿತ್ತು. ಮೇ ತಿಂಗಳ ಬಿರುಗಾಳಿಗೆ ಒಂದು ಕಡೆ ವಾಲಿ, ಎರಡು ಕಾಲು ನೆಲ ಬಿಟ್ಟು ಮತ್ತೆ ಕೂತ ಗುರುತು ಇತ್ತು. ನಾವು ಮೂವರೂ ಸೇರಿ ತಳ್ಳಿ ನೆಟ್ಟಗೆ ಮಾಡಿ, ಕಾಲಿನಡಿ ಕಲ್ಲು ಕೊಟ್ಟು ಬಂದೆವು. ಆ ಎಳೆತದಲ್ಲಿ ಎಲ್ಲಾ ಜೋಡಣೆಗಳೂ ಸಡಿಲವಾಗಿದ್ದವು ಅಂತ ಈಗ ಅನಿಸುತ್ತದೆ. ಗಾಳಿಯ ಲೆಕ್ಕ ಮಾಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗಂಟೆಗೆ 60 ಮೈಲಿ ಗಾಳಿ ಒಂದು ಚದರ ಅಡಿಗೆ ಸುಮಾರು 9 ಪೌಂಡ್ ತಳ್ಳುತ್ತದೆ. ನನ್ನ ಪೆಟ್ಟಿಗೆಯ ಒಂದು ಬದಿ 6 ಅಡಿ ಅಗಲ, 6 ಅಡಿ ಎತ್ತರ, ಅಂದರೆ 36 ಚದರ ಅಡಿ. ಹೆಚ್ಚುಕಡಿಮೆ 150 ಕೆಜಿ ಬಲ, ಅದೂ ನೆಲದಿಂದ 13 ಅಡಿ ಮೇಲೆ. ಗುಣಿಸಿದರೆ 1950. ಇದನ್ನು ತಡೆಯಲು ಇರುವುದು ಬ್ಲೈಂಡ್‌ನ ತೂಕ ಮಾತ್ರ. 300 ಕೆಜಿ ಅಂತ ಇಟ್ಟುಕೊಳ್ಳಿ, ಕಾಲುಗಳ ನಡುವೆ 8 ಅಡಿ ಅಂತರ ಇದ್ದರೆ ಅರ್ಧ 4 ಅಡಿ, ಗುಣಿಸಿದರೆ 1200. ಕಟ್ಟಿ ಹಾಕದಿದ್ದರೆ ಮಗುಚಲೇಬೇಕು. ಒಳಗೆ ಕೂತಾಗ ಪೆಟ್ಟಿಗೆ ಎಷ್ಟು ಭದ್ರ ಅನಿಸುತ್ತದೆ ಅನ್ನುವುದಕ್ಕೂ ಈ ಲೆಕ್ಕಕ್ಕೂ ಸಂಬಂಧ ಇಲ್ಲ.

ಆದ್ದರಿಂದ ನಾಲ್ಕು ಕಾಲನ್ನೂ ನೆಲಕ್ಕೆ ಕಟ್ಟಬೇಕು. ಮಣ್ಣು ಇರುವ ಕಡೆ ತಿರುಪಿನ ಆಂಕರ್ ಇಳಿಸಿ ಕೇಬಲ್ ಬಿಗಿಯಬಹುದು. ಲ್ಯಾನೊ ಕಡೆ ಒಂದು ಅಡಿ ಅಗೆದರೆ ಗ್ರಾನೈಟ್, ತಿರುಪು ಇಳಿಯುವುದಿಲ್ಲ. ಅಲ್ಲಿನವರು ಬೇಲಿಗೆ ಹಾಕುವ ಕಬ್ಬಿಣದ ಟಿ-ಪೋಸ್ಟ್ ಅನ್ನು ಪ್ರತಿ ಕಾಲಿನ ಪಕ್ಕ ಸಾಧ್ಯವಾದಷ್ಟು ಆಳಕ್ಕೆ ಬಡಿದು ಕಾಲಿಗೆ ಬಿಗಿಯುತ್ತಾರೆ, ಬಂಡೆಯೇ ಸಿಕ್ಕರೆ ಕೊರೆದು ರಾಡ್ ಇಳಿಸುತ್ತಾರೆ. ಅರ್ಧ ದಿನದ ಕೆಲಸ. ಅದನ್ನು ಮುಂದಿನ ವಾರ ಮಾಡೋಣ ಅಂತ ನಾವು ಎರಡು ವರ್ಷ ತಳ್ಳಿದೆವು.

ಕೊಡಗಿನಲ್ಲಿ ನನ್ನ ಅಜ್ಜ ಗದ್ದೆಯ ಅಂಚಿಗೆ ಅಟ್ಟಣೆ ಕಟ್ಟುತ್ತಿದ್ದರು, ಆನೆ, ಹಂದಿ ಕಾಯಲು. ಪ್ರತಿ ವರ್ಷ ಭತ್ತ ಹಾಲುಗಟ್ಟುವ ಹೊತ್ತಿಗೆ ಕತ್ತಿ ಹಿಡಿದು ಹೋಗಿ, ಮೊದಲು ಹೋದ ವರ್ಷದ ಕಟ್ಟುಗಳನ್ನೆಲ್ಲಾ ಕತ್ತರಿಸಿ ಹಾಕುತ್ತಿದ್ದರು. ಹಗ್ಗ ಗಟ್ಟಿಯಾಗಿಯೇ ಕಾಣುತ್ತಿತ್ತು, ಆದರೂ ಕತ್ತರಿಸುತ್ತಿದ್ದರು. ಚೆನ್ನಾಗಿರುವ ಬಿದಿರು ಉಳಿಸಿಕೊಂಡು ಹೊಸ ಹಗ್ಗದಲ್ಲಿ ಕಟ್ಟುತ್ತಿದ್ದರು. ಚಿಕ್ಕವನಿದ್ದಾಗ ಅದು ಸುಮ್ನೆ ಹಗ್ಗ ದಂಡ ಅನಿಸುತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ನನಗೆ ಪದೇ ಪದೇ ನೆನಪಾಗಿದ್ದು ಅದೇ. ಊರಲ್ಲಿ ಈಗಲೂ ಬೆಳೆ ಕಾಯಲು ಅಟ್ಟಣೆ ಕಟ್ಟುವವರು, ತೋಟದಲ್ಲಿ ಮಕ್ಕಳಿಗೆ ಮರದ ಮನೆ ಮಾಡುವವರು ಇದ್ದರೆ, ಮೊಳೆಯ ಮಾತು ನಿಮಗೂ ಅನ್ವಯಿಸುತ್ತದೆ.

ಹಾರ್ನೆಸ್, ಅಂದರೆ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಮರಕ್ಕೆ ಕಟ್ಟುವ ಟ್ರೀ ಸ್ಟ್ಯಾಂಡ್ ಆದರೆ ಪೂರ್ತಿ ಮೈಗೆ ಹಾಕುವ ಹಾರ್ನೆಸ್ ಇಲ್ಲದೆ ನೆಲ ಬಿಡಲೇಬೇಡಿ, ಹತ್ತುವಾಗಿನಿಂದ ಇಳಿಯುವವರೆಗೂ ಹಗ್ಗಕ್ಕೆ ಸಿಕ್ಕಿಸಿಕೊಂಡಿರಿ. ಪೆಟ್ಟಿಗೆಯ ಬ್ಲೈಂಡ್‌ಗೆ ಗೋಡೆ ಇದೆ, ಹಾರ್ನೆಸ್ ಯಾಕೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಒಳಗೆ ಕೂತಾಗ ಬೀಳುವುದಿಲ್ಲ, ಏಣಿಯಿಂದ ಬಾಗಿಲಿಗೆ ದಾಟುವಾಗಲೇ ಬೀಳುವುದು. ನನ್ನ ಸಲಹೆ, ಏಣಿಯೇ ಬೇಡ. ಎರಡು ಕಡೆ ಕೈಪಟ್ಟಿ ಇರುವ ಮೆಟ್ಟಿಲು ಮಾಡಿಸಿ, ಬಾಗಿಲ ಮುಂದೆ ಎರಡು ಕಾಲೂರಿ ನಿಲ್ಲುವಷ್ಟು ಜಗಲಿ ಬಿಡಿ. ಬಾಗಿಲು ತೆರೆದು ಹುಳ ಇದೆಯಾ ಅಂತ ನೋಡಲು ನಿಮಗೆ ನಿಲ್ಲುವ ಜಾಗ ಸಿಗುತ್ತದೆ. ಕೋವಿಯನ್ನು ಗುಂಡು ತೆಗೆದು, ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳಿ. ಹತ್ತುವಾಗ ಎರಡೂ ಕೈ ಖಾಲಿ ಇರಲಿ. ಗ್ಯಾಸ್ ಹೀಟರ್ ಇಟ್ಟುಕೊಳ್ಳುವವರು ಕಿಟಕಿ ಪೂರ್ತಿ ಮುಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ನಮ್ಮ ಬ್ಲೈಂಡ್ ಈಗ ಇಲ್ಲ. ಬಿಚ್ಚಿದ ಮರವನ್ನು ಸ್ನೇಹಿತರು ಕ್ಯಾಂಪ್ ಬೆಂಕಿಗೆ ಹಾಕಲು ಹೊರಟಿದ್ದರು, ಆಸ್ಪತ್ರೆಯಿಂದಲೇ ಫೋನ್ ಮಾಡಿ ಬೇಡ ಅಂದೆ. ಟ್ರೀಟೆಡ್ ಮರ ಸುಡಬಾರದು. ಹಳೆ ಸಿಸಿಎ ಮರವಾದರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಕಸದ ಲ್ಯಾಂಡ್‌ಫಿಲ್‌ಗೆ ಕೊಟ್ಟು ಬಂದರು. ಈ ನವೆಂಬರ್‌ಗೆ ಫೀಡರ್‌ನಿಂದ ಸ್ವಲ್ಪ ದೂರದಲ್ಲಿ, ಜೂನಿಪರ್ ಗಿಡಗಳ ಮರೆಯಲ್ಲಿ, ನೆಲದ ಮೇಲೆ ಬಟ್ಟೆಯ ಬ್ಲೈಂಡ್ ಹಾಕಿ ಕೂರುತ್ತೇನೆ. ಯಾರಾದರೂ ಹಳೆ ಬ್ಲೈಂಡ್ ನೋಡಲು ಹೋಗುವುದಿದ್ದರೆ ಮೊದಲು ಮೆಟ್ಟಿಲು, ಕಂಬದ ಜೋಡಣೆ, ಹಿಡಿಕೆ, ಈ ಮೂರರ ಫೋಟೊ ಹತ್ತಿರದಿಂದ ತೆಗೆದು ನನಗೆ ಕಳಿಸಿ. ನೋಡಿ ಹೇಳುತ್ತೇನೆ.